ಸಹಾಯ ಬೇಕು: ವಿದೇಶಿ ಸಹೋದ್ಯೋಗಿಗಳಿಗೆ ಕಸೂತಿ ಕಲಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡುವ ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಹಲವು ದೇಶಗಳಿಂದ ಬಂದ ನೌಕರರು ತಿಂಗಳಿಗೊಂದು ಸಂಜೆ ಸೇರಿ, ಕರಕುಶಲ ಕೆಲಸ ಮಾಡುತ್ತ ಮಾತನಾಡುವ ರೂಢಿಯಿದ್ದು, ಮುಂದಿನ ಸರದಿ ನನ್ನದಾಗಿದೆ. ಅಜ್ಜಿಯಿಂದ ಅರ್ಧಂಬರ್ಧ ಕಲಿತ ಧಾರವಾಡದ ಕಸೂತಿಯನ್ನು ಕಲಿಸಲು ಧೈರ್ಯದಿಂದ ಒಪ್ಪಿಕೊಂಡಿದ್ದೇನೆ.

ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಪೈಕಿ ಎರಡು ಗಂಟೆಗಳ ಅವಧಿಗೆ ಗವಂತಿಯೊಂದೇ ಸಾಕೆನಿಸುತ್ತದೆ. ಆದರೆ ಬಟ್ಟೆಯ ಮೇಲೆ ನಕ್ಷೆ ಬರೆಯದೆ ಎಳೆ ಎಣಿಸುತ್ತ, ಗಂಟು ಹಾಕದೆ, ಹೋದ ದಾರಿಯಲ್ಲೇ ಮರಳಿ ಬಂದು ಎರಡೂ ಬದಿ ಒಂದೇ ರೀತಿ ಕಾಣುವಂತೆ ಹೊಲಿಯುವುದನ್ನು, ಸೂಜಿಯನ್ನೇ ಹಿಡಿಯದವರಿಗೆ ಹೇಗೆ ವಿವರಿಸಬೇಕೆಂದು ತಿಳಿಯುತ್ತಿಲ್ಲ. ಕಲಿಸಿದ ಅನುಭವವುಳ್ಳವರು, ಗೋಪುರ, ತೇರುಗಳಿಗಿಂತ ಸುಲಭವಾದ, ಒಂದೇ ಸಂಜೆಯಲ್ಲಿ ಮುಗಿಯುವ ವಿನ್ಯಾಸವನ್ನೂ, ಎಳೆಗಳು ಸ್ಪಷ್ಟವಾಗಿ ಕಾಣುವ ಬಟ್ಟೆಯನ್ನೂ ದಯವಿಟ್ಟು ಸೂಚಿಸಿ.