ಡಚ್‌ನಲ್ಲಿ ‘ಸ್ಲಾಪೆಂಡ್’ ಯಾವಾಗ, ‘ಸ್ಲಾಪೆಂಡೆ’ ಯಾವಾಗ?

ಪ್ರಶ್ನೆ
‘ನಿದ್ದೆ ಮಾಡುತ್ತಿರುವ ಮಗು’ ಅನ್ನೋದಕ್ಕೆ ಒಂದು ಕಡೆ ‘ಎನ್ ಸ್ಲಾಪೆಂಡ್ ಕಿಂಡ್’, ಇನ್ನೊಂದು ಕಡೆ ‘ಹೆಟ್ ಸ್ಲಾಪೆಂಡೆ ಕಿಂಡ್’ ಅಂತಿದೆ. ಕೊನೆಯ ‘ಎ’ ಯಾವಾಗ ಬರುತ್ತೆ? ‘ನಾನು ಓದುತ್ತಿರುವ ಪುಸ್ತಕ’ಕ್ಕೆ ‘ಲೇಜೆಂಡೆ ಬೂಕ್’ ಅಂದರೆ ಯಾಕೆ ತಪ್ಪು?

ಉತ್ತರ 1
ನಿಘಂಟಿನಲ್ಲಿರುವ ಕ್ರಿಯಾಪದದ ಮೂಲರೂಪಕ್ಕೆ ‘ಡ್’ ಹಚ್ಚಿದರೆ ಕೃದಂತ (‘ಮಾಡುತ್ತಿರುವ’ ಥರದ ರೂಪ) ಸಿದ್ಧ: ಸ್ಲಾಪೆನ್ (ನಿದ್ದೆ ಮಾಡು) – ಸ್ಲಾಪೆಂಡ್, ಖಾನ್ (ಹೋಗು) – ಖಾಂಡ್. ಆಮೇಲೆ ಅದು ಮಾಮೂಲಿ ಗುಣವಾಚಕದ ಹಾಗೇ ನಡೆದುಕೊಳ್ಳುತ್ತೆ. ಡಚ್ ನಾಮಪದಗಳಲ್ಲಿ ಎರಡು ಗುಂಪು: ಇಂಗ್ಲಿಷಿನ ‘the’ಗೆ ಕೆಲವು ‘ಹೆಟ್’, ಉಳಿದವು ‘ಡೆ’ ತಗೊಳ್ಳುತ್ತವೆ. ‘ಎ’ ಬಿಟ್ಟುಹೋಗೋದು ‘ಹೆಟ್’ ಗುಂಪಿನ ಏಕವಚನ ನಾಮಪದಕ್ಕೆ ಮೊದಲು ‘ಎನ್’ (ಒಂದು) ಅಥವಾ ‘ಖೇನ್’ (ಯಾವುದೂ ಇಲ್ಲ) ಇದ್ದಾಗ, ಇಲ್ಲವೇ ಏನೂ ಇಲ್ಲದಾಗ. ಅದಕ್ಕೇ ಕುದಿಯುವ ನೀರು ‘ಕೋಕೆಂಡ್ ವಾಟರ್’, ಆದರೆ ‘ಹೆಟ್ ಕೋಕೆಂಡೆ ವಾಟರ್’. ‘ಡೆ’ ಗುಂಪಿಗೂ ಬಹುವಚನಕ್ಕೂ ‘ಎ’ ಬೇಕೇ ಬೇಕು. ಕೇಳಿ ಬರೆಯುವಾಗ ಎಚ್ಚರ: ಪದದ ಕೊನೆಯ ‘ಡ್’ ಉಚ್ಚಾರದಲ್ಲಿ ‘ಟ್’ ಆಗುತ್ತೆ, ಬರೆಯೋದು ಮಾತ್ರ ‘ಡ್’.

ಉತ್ತರ 2
ಎರಡನೆಯ ತಪ್ಪು ಅಪ್ಪಟ ಕನ್ನಡದ್ದು. ನಮ್ಮ ‘ಓದುವ’ ಯಾರಿಗೆ ಬೇಕಾದರೂ ಅಂಟಿಕೊಳ್ಳುತ್ತೆ: ಓದುವ ಹುಡುಗಿ, ಓದುವ ಪುಸ್ತಕ, ಓದುವ ಕೋಣೆ. ಡಚ್ ಕೃದಂತ ಕೆಲಸ ಮಾಡುವವರಿಗೇ ಮೀಸಲು. ‘ಲೇಜೆಂಡೆ ಬೂಕ್’ ಅಂದರೆ ಪುಸ್ತಕವೇ ಕೂತು ಓದುತ್ತಿದೆ ಅಂತ! ‘ಹೆಟ್ ಬೂಕ್ ಡಾಟ್ ಇಕ್ ಲೇಸ್’ ಅನ್ನಿ. ಓದಬೇಕಾದ ಪುಸ್ತಕ ‘ಹೆಟ್ ಟೆ ಲೇಜೆನ್ ಬೂಕ್’. ಓದಿದ ಪುಸ್ತಕ ‘ಹೆಟ್ ಖೆಲೇಜೆನ್ ಬೂಕ್’. ಈ ಎರಡಕ್ಕೂ ಕೊನೆಯ ‘ಎ’ ಸೇರಲ್ಲ.

ಪ್ರಶ್ನೆ ಕೇಳಿದವರು
ಹಾಗಾದರೆ ‘ಅವನು ನಡೆಯುತ್ತಿದ್ದಾನೆ’ಗೆ ‘ಹೈ ಇಸ್ ಲೋಪೆಂಡ್’ ಸರೀನಾ?

ಉತ್ತರ 2
ಇಲ್ಲ, ಅದು ಇಂಗ್ಲಿಷಿನ ಚಾಳಿ. ‘ಹೈ ಇಸ್ ಲೋಪೆಂಡ್’ ಅಂದರೆ ಗಾಡಿಯಿಲ್ಲದೆ ಕಾಲ್ನಡಿಗೆಯಲ್ಲಿ ಬಂದಿದ್ದಾನೆ ಅನ್ನೋ ಅರ್ಥ. ನಡೆಯುತ್ತಿರುವುದಕ್ಕೆ ‘ಹೈ ಇಸ್ ಆನ್ ಹೆಟ್ ಲೋಪೆನ್’. ‘ಸ್ಪಾನೆಂಡ್’ (ರೋಚಕ), ‘ಫರ್ಫೇಲೆಂಡ್’ (ಬೇಜಾರಿನ) ಥರದವು ಪೂರಾ ಗುಣವಾಚಕ ಆಗಿಬಿಟ್ಟಿವೆ, ಅವು ‘ಇಸ್’ ಜೊತೆ ಧಾರಾಳವಾಗಿ ಬರುತ್ತವೆ.

ಉತ್ತರ 3
ಒಂದು ಕಡೆ ಮಾತ್ರ ಕನ್ನಡ ಬಲ್ಲವರಿಗೆ ಲಾಭ. ‘ಡೆ ಇನ್ ಉಟ್ರೆಕ್ಟ್ ವೋನೆಂಡೆ ಸ್ಟುಡೆಂಟೆನ್’: ಉಟ್ರೆಕ್ಟಿನಲ್ಲಿ ವಾಸಿಸುವ ವಿದ್ಯಾರ್ಥಿಗಳು. ‘ಡೆ’ ಬಿಟ್ಟರೆ ಹೆಚ್ಚುಕಡಿಮೆ ನಮ್ಮದೇ ಪದಕ್ರಮ. ಬೇರ್ಪಡುವ ಕ್ರಿಯಾಪದ (ವಾಕ್ಯದಲ್ಲಿ ಮೊದಲ ತುಂಡು ಕಳಚಿಕೊಳ್ಳುವಂಥದ್ದು, ‘ಒಪ್‌ಕೋಮೆನ್’ ಥರ) ಕೂಡ ಇಲ್ಲಿ ಒಡೆಯಲ್ಲ: ‘ಡೆ ಒಪ್‌ಕೋಮೆಂಡೆ ಜೊನ್’, ಉದಯಿಸುವ ಸೂರ್ಯ. ಆದರೆ ಇಷ್ಟುದ್ದದ ಕಟ್ಟು ಸರ್ಕಾರಿ ಪತ್ರ, ಪತ್ರಿಕೆಗಳ ಭಾಷೆ. ಮಾತಿನಲ್ಲಿ ‘ಸ್ಟುಡೆಂಟೆನ್ ಡೀ ಇನ್ ಉಟ್ರೆಕ್ಟ್ ವೋನೆನ್’ ಅನ್ನೋದೇ ಸಹಜ.