ಮಿನಿ ಡಿವಿ ಕ್ಯಾಮ್‌ಕಾರ್ಡರ್ ಕಂಪ್ಯೂಟರಿಗೆ ಕಾಣಿಸುತ್ತಿಲ್ಲ, ಟೇಪ್ ಇಳಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಟ್ಟದ ಮೇಲೆ ಬಿದ್ದಿದ್ದ ಮಿನಿ ಡಿವಿ ಕ್ಯಾಮ್‌ಕಾರ್ಡರ್ ಕೆಳಗಿಳಿಸಿದ್ದೇನೆ. ಜೊತೆಗೆ 14 ಕ್ಯಾಸೆಟ್. 2003ರಿಂದ 2008ರವರೆಗಿನ ಮನೆಯ ವಿಡಿಯೋ ಎಲ್ಲ ಅದರಲ್ಲೇ ಇದೆ. ಕ್ಯಾಮೆರಾ ಓಡುತ್ತಿದೆ. ಅದರ ಪುಟ್ಟ ಪರದೆಯಲ್ಲಿ ಚಿತ್ರ, ಧ್ವನಿ ಎರಡೂ ಬರುತ್ತವೆ. ತೊಂದರೆ ಶುರುವಾಗುವುದು ಕಂಪ್ಯೂಟರಿಗೆ ಹಾಕಿದಾಗ.

ಕ್ಯಾಮೆರಾದಲ್ಲಿ ಯುಎಸ್‌ಬಿ ಪೋರ್ಟ್ ಇದೆ. ಕೇಬಲ್ ಹಾಕಿದರೆ ವಿಂಡೋಸ್ 10 'ಟಿಣ್' ಅನ್ನುತ್ತದೆ, ಒಂದು ಡ್ರೈವ್ ತೆರೆದುಕೊಳ್ಳುತ್ತದೆ. ಒಳಗೆ ಮೆಮೊರಿ ಕಾರ್ಡಿನ ಆರು ಹಳೇ ಫೋಟೋ ಬಿಟ್ಟರೆ ಏನೂ ಇಲ್ಲ. ಟೇಪಿನ ಸುಳಿವೇ ಇಲ್ಲ. ಆಮೇಲೆ ಪಕ್ಕದ ರಬ್ಬರ್ ಮುಚ್ಚಳ ತೆಗೆದಾಗ 'ಡಿವಿ' ಅಂತ ಬರೆದ ಇನ್ನೊಂದು ಸಣ್ಣ ಪೋರ್ಟ್ ಕಂಡಿತು. ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಯುಎಸ್‌ಬಿಗೆ ಕೂರುವ ಕೇಬಲ್ ಆನ್‌ಲೈನಲ್ಲಿ ತರಿಸಿದೆ. ಅದು ಹಾಕಿದರೆ 'ಟಿಣ್' ಕೂಡ ಇಲ್ಲ. ಹಾಳಾಗಿರುವುದು ಕೇಬಲ್ಲಾ, ಕ್ಯಾಮೆರಾನಾ?

ಉತ್ತರ

ಎರಡೂ ಅಲ್ಲ ಸರ್. ಮೊದಲು ಆ ಕೇಬಲ್ ಕಿತ್ತು ಪಕ್ಕಕ್ಕಿಡಿ, ಮತ್ತೆ ಹಾಕಲೇಬೇಡಿ.

ಆ 'ಡಿವಿ' ಪೋರ್ಟ್ ಯುಎಸ್‌ಬಿ ಅಲ್ಲ, ಫೈರ್‌ವೈರ್. ಐಇಇಇ 1394 ಅಂತಲೂ ಕರೆಯುತ್ತಾರೆ, ಸೋನಿಯವರು ಐ.ಲಿಂಕ್ ಅಂತ ಹೆಸರಿಟ್ಟರು. ಮೂರೂ ಒಂದೇ. ಫೈರ್‌ವೈರ್ ಮತ್ತು ಯುಎಸ್‌ಬಿ ಮಾತಾಡುವ ಭಾಷೆಯೇ ಬೇರೆ. ಬರೀ ತಂತಿ ಸೇರಿಸಿದ ಮಾತ್ರಕ್ಕೆ ಒಂದು ಇನ್ನೊಂದಾಗುವುದಿಲ್ಲ. ಇಂಥ ಕೇಬಲ್ ಮಾರುವವರು ಇದನ್ನು ಹೇಳುವುದಿಲ್ಲ. ಯುಎಸ್‌ಬಿಯ 5 ವೋಲ್ಟ್ ಹೋಗಬಾರದ ಪಿನ್ನಿಗೆ ಹೋದರೆ ಕ್ಯಾಮೆರಾದ ಪೋರ್ಟೇ ಸುಟ್ಟೀತು.

ನಿಮ್ಮ ಕ್ಯಾಮೆರಾದ ಯುಎಸ್‌ಬಿ ಸರಿಯಾಗೇ ಇದೆ. ಅದು ಇರುವುದೇ ಮೆಮೊರಿ ಕಾರ್ಡಿನ ಫೋಟೋಗೆ, ಹೆಚ್ಚೆಂದರೆ ವೆಬ್‌ಕ್ಯಾಮ್ ಥರ ಬಳಸುವುದಕ್ಕೆ. ಯುಎಸ್‌ಬಿಯಲ್ಲೇ ಡಿವಿ, ಅಂದರೆ ಟೇಪಿನ ವಿಡಿಯೋ ಕಳಿಸುವ ಮಾಡೆಲ್ ಇವೆ, ಆದರೆ ಬಹಳ ಕಡಿಮೆ.

ನಿಮ್ಮದು ಡೆಸ್ಕ್‌ಟಾಪ್ ಆದರೆ ಕೆಲಸ ಸುಲಭ. ಕಂಪ್ಯೂಟರಿನ ಒಳಗಿನ ಸ್ಲಾಟಿಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಒಂದು ತನ್ನಿ. ಅದರ ಮೇಲಿನ ಚಿಪ್ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಅಥವಾ ವಿಐಎ ಆಗಿದ್ದರೆ ಒಳ್ಳೆಯದು. ಕೇಬಲ್ 4 ಪಿನ್ನಿನಿಂದ 6 ಪಿನ್ನಿಗೆ ಹೋಗುವಂಥದ್ದು. ಕ್ಯಾಮೆರಾ ಕಡೆ 4, ಕಾರ್ಡ್ ಕಡೆ 6.

ಇನ್ನೊಬ್ಬರ ಉತ್ತರ

ಇಷ್ಟೆಲ್ಲಾ ಯಾಕೆ? ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್ ಹಾಕಿ, ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ಕಿಗೆ ಕೊಡಿ. ಮುಗಿಯಿತಲ್ವಾ?

ಉತ್ತರ

ಹೈ8, ವಿಎಚ್‌ಎಸ್ ಟೇಪಾದರೆ ನೀವು ಹೇಳಿದ್ದೇ ದಾರಿ, ಅವು ಅನಲಾಗ್. ಮಿನಿ ಡಿವಿ ಟೇಪಿನಲ್ಲಿ ಇರುವುದು ಆಗಲೇ ಡಿಜಿಟಲ್. ಎವಿ ಕೇಬಲ್ಲಿನಲ್ಲಿ ಅದನ್ನು ಅನಲಾಗ್ ಮಾಡಿ, ಸ್ಟಿಕ್ಕಿನಲ್ಲಿ ಮತ್ತೆ ಡಿಜಿಟಲ್ ಮಾಡಿದರೆ ಎರಡು ಸಲ ಗುಣಮಟ್ಟ ಕಳೆದುಕೊಂಡಂತೆ. ಫೈರ್‌ವೈರ್‌ನಲ್ಲಿ ಟೇಪಿನ ಮೇಲಿನ ಬಿಟ್ಟುಗಳೇ ಹಾಗ್ಹಾಗೇ ಬಂದು ಕೂರುತ್ತವೆ. ಎಲ್ಲ ದಾರಿ ಮುಚ್ಚಿದಾಗ ಎವಿ ಕೇಬಲ್ ಇದ್ದೇ ಇದೆ.

ಕೇಳಿದವರಿಂದ

ಧನ್ಯವಾದ. ಡೆಸ್ಕ್‌ಟಾಪ್ ಇದೆ. ವಿಐಎ ಚಿಪ್ಪಿನ ಕಾರ್ಡ್ ಸಿಕ್ಕಿತು, ಕೂರಿಸಿದೆ. ಡಿವೈಸ್ ಮ್ಯಾನೇಜರಿನಲ್ಲಿ '1394 ಹೋಸ್ಟ್ ಕಂಟ್ರೋಲರ್' ಅಂತ ಬಂದಿದೆ, ಹಳದಿ ಗುರುತು ಏನೂ ಇಲ್ಲ. ಆದರೆ ಕ್ಯಾಮೆರಾ ಹಾಕಿದರೆ ಮತ್ತದೇ ಮೌನ. ಟೇಪ್ ಇಳಿಸುವ ಪ್ರೋಗ್ರಾಂ ವಿನ್‌ಡಿವಿ ತೆರೆದರೆ ವಿಡಿಯೋ ಸೋರ್ಸ್ ಖಾಲಿ.

ಉತ್ತರ

ಕಾರ್ಡ್ ಕಂಡಿತು ಅಂದರೆ ಅರ್ಧ ದಾರಿ ಬಂದಿರಿ. ಇನ್ನುಳಿದದ್ದನ್ನು ಕ್ಯಾಮೆರಾ ಕಡೆಯಿಂದ ನೋಡುತ್ತಾ ಬನ್ನಿ.

ಡಯಲ್ ಎಲ್ಲಿದೆ? 'ಕ್ಯಾಮೆರಾ' ಮೇಲಲ್ಲ, 'ವಿಸಿಆರ್' ಅಥವಾ 'ಪ್ಲೇ' ಮೇಲೆ ಇರಬೇಕು. ಬ್ಯಾಟರಿ ನಂಬಬೇಡಿ, ಅಡಾಪ್ಟರ್ ಹಾಕಿ. ಒಂದು ಗಂಟೆಯ ಟೇಪ್ ಇಳಿಯಲು ಒಂದು ಗಂಟೆಯೇ ಬೇಕು, ಇಪ್ಪತ್ತು ವರ್ಷದ ಬ್ಯಾಟರಿ ಅಷ್ಟು ಹೊತ್ತು ಎಲ್ಲಿ ನಿಲ್ಲುತ್ತದೆ? ಕ್ಯಾಮೆರಾ ಎಚ್‌ಡಿವಿ (ಅದೇ ಟೇಪಿನಲ್ಲಿ ಎಚ್‌ಡಿ ವಿಡಿಯೋ ತೆಗೆಯುವ) ಮಾಡೆಲ್ ಆಗಿದ್ದರೆ ಮೆನುವಿನಲ್ಲಿ 'ಎಚ್‌ಡಿವಿ/ಡಿವಿ' ಆಯ್ಕೆ ಇರುತ್ತದೆ. ಮಾಮೂಲಿ ಡಿವಿ ಟೇಪಿಗೆ ಅದನ್ನು 'ಡಿವಿ'ಗೇ ಇಡಿ.

ಇದೆಲ್ಲ ಸರಿ ಇದ್ದರೆ ನನ್ನ ಅನುಮಾನ ಡ್ರೈವರ್ ಮೇಲೆ, ಅಂದರೆ ವಿಂಡೋಸ್ ಆ ಕಾರ್ಡನ್ನು ನಡೆಸಲು ಬಳಸುವ ಸಾಫ್ಟ್‌ವೇರ್ ಮೇಲೆ. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಹೊಸ 1394 ಡ್ರೈವರ್ ತಂದಿತು, ಹಳೆಯದನ್ನೂ ಜೊತೆಗಿಟ್ಟಿತ್ತು. ವಿಂಡೋಸ್ 8ರಿಂದ ಹಳೆಯದನ್ನು ತೆಗೆದೇ ಹಾಕಿತು. ಕೆಲವು ಕಾರ್ಡ್‌ಗಳಿಗೆ ಹೊಸದು ಒಗ್ಗುವುದಿಲ್ಲ. ಹಳೆಯದು '1394 ಓಎಚ್‌ಸಿಐ ಲೆಗಸಿ ಡ್ರೈವರ್' ಅನ್ನುವ ಹೆಸರಿನಲ್ಲಿದೆ, ಮೈಕ್ರೋಸಾಫ್ಟಿನದೇ. ಅದನ್ನು ಇನ್‌ಸ್ಟಾಲ್ ಮಾಡಿ ಸುಮ್ಮನೆ ಕೂತರೆ ಏನೂ ಆಗುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಡಿವೈಸ್ ಮ್ಯಾನೇಜರಿನಲ್ಲಿ ಕಂಟ್ರೋಲರ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಅಪ್‌ಡೇಟ್ ಡ್ರೈವರ್'ಗೆ ಹೋಗಿ, ವಿಂಡೋಸ್ ತಾನೇ ಹುಡುಕಲು ಬಿಡದೆ ಕಂಪ್ಯೂಟರಿನಲ್ಲಿರುವ ಪಟ್ಟಿ ತೆರೆಯಿರಿ. ಕೊನೆಯಲ್ಲಿ 'ಲೆಗಸಿ' ಅಂತಿರುವ ಸಾಲನ್ನು ನೀವೇ ಆರಿಸಬೇಕು. ಆಮೇಲೆ ರೀಸ್ಟಾರ್ಟ್.

ಒಂದು ಎಚ್ಚರಿಕೆ. ಕೇಬಲ್ ಹಾಕುವಾಗ, ತೆಗೆಯುವಾಗ ಎರಡೂ ಕಡೆ ಆಫ್ ಮಾಡಿ. ಓಡುತ್ತಿರುವಾಗಲೇ ಹಾಕಬಹುದು ಅಂತ ಪುಸ್ತಕದಲ್ಲಿ ಬರೆದಿರುತ್ತದೆ, ನಾನೂ ಹಾಗೇ ಹಾಕಿ ಒಂದು ಕ್ಯಾಮೆರಾದ ಪೋರ್ಟ್ ಕಳೆದುಕೊಂಡಿದ್ದೇನೆ. 6 ಪಿನ್ನಿನ ತುದಿಯ ಒಂದು ಪಕ್ಕ ಚೂಪಾಗಿರುತ್ತದೆ, ಆ ಆಕಾರ ನೋಡಿಕೊಂಡೇ ಹಾಕಿ. ಅದರಲ್ಲಿ ಕರೆಂಟೂ ಹರಿಯುತ್ತದೆ, ತಿರುಗಾಮುರುಗಾ ತುರುಕಿದರೆ ಕಥೆ ಮುಗಿಯಿತು.

ಮತ್ತೊಬ್ಬರ ಉತ್ತರ

ಮ್ಯಾಕ್ ಇರುವವರಿಗೆ ಒಂದು ಮಾತು. ಥಂಡರ್‌ಬೋಲ್ಟ್ 3ರಿಂದ 2ಕ್ಕೆ ಒಂದು ಅಡಾಪ್ಟರ್, 2ರಿಂದ ಫೈರ್‌ವೈರ್ 800ಕ್ಕೆ ಇನ್ನೊಂದು, ಅಲ್ಲಿಂದ 9 ಪಿನ್-4 ಪಿನ್ ಕೇಬಲ್. ರೈಲು ಬೋಗಿ ಥರ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ. 2025ರಲ್ಲಿ ಬಂದ ಮ್ಯಾಕ್‌ಓಎಸ್ 26ರಲ್ಲಿ ಆಪಲ್ ಫೈರ್‌ವೈರನ್ನೇ ತೆಗೆದುಹಾಕಿದೆ. ಟೇಪ್ ಇಳಿಸುವುದು ಬಾಕಿ ಇದ್ದರೆ ಅಪ್‌ಡೇಟ್ ಒತ್ತಬೇಡಿ. ಲಿನಕ್ಸಿನವರಿಗೆ ಡಿವಿಗ್ರ್ಯಾಬ್ ಅನ್ನುವ ಪ್ರೋಗ್ರಾಂ ಸಾಕು.

ಕೇಳಿದವರಿಂದ

ಲೆಗಸಿ ಡ್ರೈವರ್ ಆರಿಸಿ ರೀಸ್ಟಾರ್ಟ್ ಮಾಡಿದೆ. ಕ್ಯಾಮೆರಾ ಆನ್ ಮಾಡಿದ ಮೂರು ಸೆಕೆಂಡಿಗೆ 'ಟಿಣ್'! ವಿನ್‌ಡಿವಿಯಲ್ಲಿ 'ಮೈಕ್ರೋಸಾಫ್ಟ್ ಡಿವಿ ಕ್ಯಾಮೆರಾ ಆ್ಯಂಡ್ ವಿಸಿಆರ್' ಅಂತ ಬಂದಿದೆ. ಮೊದಲ ಟೇಪ್ ಇಳಿಯುತ್ತಿದೆ.

ಆದರೆ ಈಗ ಹೊಸ ತಲೆನೋವು. ಚಿತ್ರದ ತುಂಬ ಆಗಾಗ ಚೌಕ ಚೌಕ ಬರುತ್ತದೆ, ಧ್ವನಿ ಕಡಿದು ಕಡಿದು ಬರುತ್ತದೆ. ಮಗಳು ಶಾಲೆಯ ವೇದಿಕೆಯಲ್ಲಿ ಹಾಡುತ್ತಿದ್ದಾಳೆ, ಮುಖದ ಅರ್ಧ ಹಿಂದಿನ ಫ್ರೇಮಿನಲ್ಲೇ ಉಳಿದಿದೆ. ಹಾರ್ಡ್ ಡಿಸ್ಕ್ ನಿಧಾನವಾ?

ಉತ್ತರ

ಡಿಸ್ಕಿನ ತಪ್ಪಾದರೆ ವಿನ್‌ಡಿವಿಯ 'ಡ್ರಾಪ್ಡ್' (ತಪ್ಪಿಹೋದ ಫ್ರೇಮುಗಳ) ಲೆಕ್ಕ ಏರುತ್ತಾ ಹೋಗುತ್ತದೆ. ಅದು ಸೊನ್ನೆಯಲ್ಲೇ ಇದೆಯಾ ನೋಡಿ. ಡಿವಿಗೆ ಬೇಕಿರುವುದು ಸೆಕೆಂಡಿಗೆ ಸುಮಾರು 3.6 ಎಂಬಿ ಅಷ್ಟೇ, ಹಳೇ ಡಿಸ್ಕೂ ಅಷ್ಟು ಬರೆಯುತ್ತದೆ. ಇನ್ನೊಂದು ಪರೀಕ್ಷೆ ಇದೆ. ಅದೇ ಜಾಗವನ್ನು ಕ್ಯಾಮೆರಾದ ಪರದೆಯಲ್ಲೇ ಓಡಿಸಿ. ಅಲ್ಲೂ ಚೌಕ ಕಂಡರೆ ಕಂಪ್ಯೂಟರನ್ನು ಬೈಯಬೇಡಿ, ಕ್ಯಾಮೆರಾದೊಳಗೆ ಟೇಪ್ ಓದುವ ಹೆಡ್ ಕೊಳೆಯಾಗಿದೆ. ಒಣ ಕ್ಲೀನಿಂಗ್ ಕ್ಯಾಸೆಟ್ ಹಾಕಿ ಹತ್ತು ಸೆಕೆಂಡ್ ಓಡಿಸಿ, ನಿಲ್ಲಿಸಿ. ಜಾಸ್ತಿ ಓಡಿಸಿದರೆ ಅದೇ ಹೆಡ್ ಸವೆಸುತ್ತದೆ. ಟೇಪನ್ನು ಒಮ್ಮೆ ಕೊನೆವರೆಗೂ ಸುತ್ತಿ ವಾಪಸ್ ಸುತ್ತಿಕೊಳ್ಳಿ, ವರ್ಷಗಟ್ಟಲೆ ಅಂಟಿ ಕೂತದ್ದು ಸಡಿಲವಾಗುತ್ತದೆ. ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಸ್ವಿಚ್ಚನ್ನು 'ಸೇವ್' ಕಡೆ ತಳ್ಳಿಡಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಹಳೆಯದು ಅಳಿಯುವುದಿಲ್ಲ.

ಹಾಂ, ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, ಡಿವಿಗೆ ಅದು ಇಪ್ಪತ್ತು ನಿಮಿಷವೂ ಆಗುವುದಿಲ್ಲ. ಗಂಟೆಗೆ ಸುಮಾರು 13 ಜಿಬಿ ಲೆಕ್ಕ ಹಾಕಿ.

ಕೇಳಿದವರಿಂದ

ಡ್ರಾಪ್ಡ್ ಸೊನ್ನೆ. ಕ್ಯಾಮೆರಾ ಪರದೆಯಲ್ಲೂ ಚೌಕ ಇತ್ತು, ಪುಟ್ಟ ಪರದೆ ಅಂತ ನಾನೇ ಗಮನಿಸಿರಲಿಲ್ಲ. ಎರಡು ಸಲ ಕ್ಲೀನಿಂಗ್ ಕ್ಯಾಸೆಟ್ ಓಡಿಸಿದೆ. ಹಾಡು ಈಗ ಪೂರ್ತಿ ಬಂದಿದೆ, ಮುಖವೂ. 12 ಟೇಪ್ ಮುಗಿದವು.

ಉಳಿದ ಎರಡು ಹಟ ಹಿಡಿದಿವೆ. ಅವು ಭಾವನ ಕ್ಯಾಮೆರಾದಲ್ಲಿ ತೆಗೆದವು. ಲೇಬಲ್ ಮೇಲೆ 'ಎಲ್‌ಪಿ' ಅಂತ ಬರೆದಿದೆ.

ಉತ್ತರ

ಗೊತ್ತಾಯಿತು ಬಿಡಿ. 60 ನಿಮಿಷದ ಟೇಪಿನಲ್ಲಿ 90 ನಿಮಿಷ ತುಂಬಿಸುವ ಮೋಡ್ ಅದು. ಟ್ರ್ಯಾಕಿನ, ಅಂದರೆ ಟೇಪಿನ ಮೇಲೆ ವಿಡಿಯೋ ಬರೆಯುವ ಗೆರೆಯ ಅಗಲ 10 ಮೈಕ್ರಾನಿನಿಂದ 6.67ಕ್ಕೆ ಇಳಿಯುತ್ತದೆ. ಬರೆದ ಕ್ಯಾಮೆರಾ ಬಿಟ್ಟು ಬೇರೆಯದರಲ್ಲಿ ಹೆಡ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಓದಲು ತಿಣುಕುತ್ತದೆ. ಭಾವನ ಕ್ಯಾಮೆರಾ ಇನ್ನೂ ಇದೆಯಾ ಕೇಳಿ ನೋಡಿ.

ಕೇಳಿದವರಿಂದ

ಇದೆಯಂತೆ. ಅಡಾಪ್ಟರ್ ಮಾತ್ರ ಕಳೆದಿದೆಯಂತೆ. ಎಷ್ಟು ವೋಲ್ಟಿನದು ಅಂತ ಕ್ಯಾಮೆರಾದ ತಳದ ಫೋಟೋ ಕಳಿಸಲು ಹೇಳಿದ್ದೇನೆ.