ಅರಿಶಿನದ ಕಲೆಗೆ ಸೋಪು ಹಾಕಿದ್ರೆ ಕಾರಿನ ಕಾರ್ಪೆಟ್ ಕೆಂಪಾಯ್ತು, ಏನು ಮಾಡೋದು?

ಪ್ರಶ್ನೆ (ಮಂಡ್ಯ):
ಎಲ್ರಿಗೂ ನಮಸ್ಕಾರ. ಅಕ್ಕನ ಮದುವೆ ಸಾಮಾನು ತರುವಾಗ ಅರಿಶಿನದ ಪೊಟ್ಟಣ ಒಡೆದು ಹಿಂದಿನ ಸೀಟಿನ ಕಾಲಡಿ ಪೂರ್ತಿ ಚೆಲ್ಲಿದೆ. ಕಾರ್ಪೆಟ್ ತಿಳಿ ಬೂದು ಬಣ್ಣದ್ದು. ಬಟ್ಟೆ ಒಗೆಯೋ ಪುಡಿ ಹಾಕಿ ತಿಕ್ಕಿದ್ವಿ, ಹಳದಿ ಹೋಗೋ ಬದಲು ಇಟ್ಟಿಗೆ ಬಣ್ಣ ಬಂತು. ವಾಟರ್ ವಾಷ್‌ನವರು ಕಾರ್ಪೆಟ್ಟೇ ಬದಲಾಯಿಸಿ ಅಂತಾರೆ.

ಉತ್ತರ (ಮೈಸೂರು):
ಬದಲಾಯಿಸಬೇಡಿ ಸರ್, ಕಾರ್ಪೆಟ್ ಚೆನ್ನಾಗೇ ಇದೆ. ಅರಿಶಿನದಲ್ಲಿರೋ ಕರ್ಕ್ಯುಮಿನ್ ಅನ್ನೋ ಹಳದಿ ಬಣ್ಣಕ್ಕೆ ಕ್ಷಾರ ತಾಗಿದ್ರೆ ಕೆಂಪಾಗುತ್ತೆ. ಆರತಿಗೆ ಅರಿಶಿನ, ಸುಣ್ಣ ಕದಡಿದ ನೀರು ಕೆಂಪಾಗಲ್ವೇ, ಅದೇ ಇದು. ಒಗೆಯೋ ಪುಡಿಯಲ್ಲಿ ಸೋಡಾ ಇರುತ್ತೆ, ಅದೂ ಕ್ಷಾರವೇ. ಇನ್ಮೇಲೆ ಸೋಪು, ಅಡುಗೆ ಸೋಡಾ ಎರಡೂ ಬೇಡ.

ಮೊದಲು ಒಣಗಲು ಬಿಟ್ಟು, ಉಳಿದ ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಆಮೇಲೆ ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಚಿಮುಕಿಸಿದರೆ ಕೆಂಪು ತಿರುಗಿ ಹಳದಿಯಾಗುತ್ತೆ. ಒತ್ತಿ ಒರೆಸಿ ಒಣಗಿಸಿ. ಕರ್ಕ್ಯುಮಿನ್ ನೀರಿಗೆ ಕರಗಲ್ಲ, ಆಲ್ಕೋಹಾಲ್‌ಗೆ ಕರಗುತ್ತೆ. ಹಾಗಾಗಿ ಮೆಡಿಕಲ್ ಶಾಪ್‌ನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು, ಮೊದಲು ಸೀಟಿನ ಅಡಿ ಕಾಣದ ಕಡೆ ಪರೀಕ್ಷಿಸಿ. ಕಾರ್ಪೆಟ್ ಬಣ್ಣ ಬಿಡದಿದ್ರೆ ಬಿಳಿ ಬಟ್ಟೆಯನ್ನು ಅದರಲ್ಲಿ ಅದ್ದಿ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಉಜ್ಜಿದ್ರೆ ಕಲೆ ಹರಡುತ್ತೆ. ಬಟ್ಟೆ ಹಳದಿಯಾದಾಗೆಲ್ಲ ಬದಲಿಸಿ. ಬಾಗಿಲು ನಾಲ್ಕೂ ತೆಗೆದಿರಲಿ, ಬೆಂಕಿ ಹತ್ತಿರ ಬರಬಾರದು.

ಇನ್ನೊಬ್ಬರು:
ಚೆಲ್ಲಿದ್ದರಲ್ಲಿ ಕುಂಕುಮವೂ ಇದೆಯಾ ನೋಡಿ. ಅಂಗಡಿ ಕುಂಕುಮಕ್ಕೆ ಕೃತಕ ಬಣ್ಣ ಹಾಕಿದ್ರೆ ವಿನೆಗರ್‌ಗೆ ಅದು ಜಗ್ಗಲ್ಲ.

ಪ್ರಶ್ನೆ ಕೇಳಿದವರು:
ಕುಂಕುಮ ಇರ್ಲಿಲ್ಲ. ನೀವು ಹೇಳಿದ ಹಾಗೇ ಮಾಡಿದೆ ಸರ್, ಕೆಂಪು ಪೂರ್ತಿ ಹೋಯ್ತು! ತೆಳು ಹಳದಿ ಉಳಿದಿದೆ. ಕೆಳಗಡೆ ತೇವ ಇನ್ನೂ ಕೈಗೆ ತಾಗುತ್ತೆ.

ಉತ್ತರ (ಮೈಸೂರು):
ತುಂಬಾ ಸಂತೋಷ. ಉಳಿದ ಹಳದಿಯನ್ನು ಬಿಸಿಲು ತಿನ್ನುತ್ತೆ, ಕರ್ಕ್ಯುಮಿನ್ ಬೆಳಕಿಗೆ ಮಾಸುವ ಬಣ್ಣ. ಹಿಂದಿನ ಬಾಗಿಲು ಬಿಸಿಲಿಗೆ ಮುಖ ಮಾಡಿ ತೆರೆದಿಡಿ, ಮ್ಯಾಟ್ ತಾರಸಿಗೆ ಹಾಕಿ. ತೇವದ ವಿಷಯ ಮಾತ್ರ ಮುಂದೂಡಬೇಡಿ. ಕಾರ್ಪೆಟ್ ಅಡಿಯ ಫೆಲ್ಟ್ (ಒತ್ತಿದ ನಾರಿನ ದಪ್ಪ ಪದರ) ನೀರು ಹಿಡಿದಿದ್ರೆ ಮುಗ್ಗಲು ವಾಸನೆ ಬರುತ್ತೆ, ತಗಡಿಗೂ ತುಕ್ಕು ಹಿಡಿಯುತ್ತೆ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಕಾರ್ಪೆಟ್ ಅಂಚು ಎತ್ತಿ ಫ್ಯಾನ್ ಗಾಳಿ ಬಿಡಿ. ಮುಂದಿನ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡ್ರೆ ಅದು ಏರ್‌ಬ್ಯಾಗ್ ವ್ಯವಸ್ಥೆಯದು, ಕೀಳಲು ಹೋಗಬೇಡಿ.